ದಗ್ಧನಗರವೂ ಚಿತ್ರಕಾರನ ಧರ್ಮವೂ

ಊರಿಗೆ ಬೆಂಕಿ ಬಿದ್ದಾಗ ನೀರಿನ ಕೊಡವನ್ನು ಹೊತ್ತು ಓಡುವವನ ಧರ್ಮವೇನೆಂಬುದನ್ನು ಯಾರೂ ಯಾರಿಗೂ ಬೋಧಿಸಬೇಕಾಗಿಲ್ಲ. ಆದರೆ ಅದೇ ಸಮಯದಲ್ಲಿ ಒಬ್ಬನು ಎದುರು ಜಗಲಿಯ ಮೇಲೆ ಕುಳಿತು, ಕಾಗದವನ್ನು ಹರಡಿಕೊಂಡು, ಉರಿಯ ಬಣ್ಣವು ಕೆಂಪೋ ಹೊಂಬಣ್ಣವೋ ಎಂದು ಕಣ್ಣನ್ನು ಕಿರಿದುಮಾಡಿ ನೋಡುತ್ತ ಕುಂಚವನ್ನಾಡಿಸುತ್ತಿದ್ದರೆ ಅವನನ್ನು ಏನೆಂದು ಕರೆಯಬೇಕು? ಕಲ್ಲೆದೆಯವನೆನ್ನಬೇಕೆ? ಅಥವಾ ಅವನೂ ಒಂದು ಬಗೆಯ ಸೇವೆಯನ್ನೇ ಮಾಡುತ್ತಿರುವನೆಂದು ಒಪ್ಪಬೇಕೆ? ಈ ಪ್ರಶ್ನೆಯು ತರ್ಕವಿನೋದಕ್ಕಾಗಿ ಕಲ್ಪಿಸಿದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರವು ಉರಿಯುತ್ತಿದ್ದಾಗ ಬಹುಮಂದಿ ಚಿತ್ರಕಾರರು ಆ ಉರಿಯನ್ನೂ ಆ ಬೂದಿಯನ್ನೂ ನಿಜವಾಗಿಯೇ ಬರೆದರು. ಅವರು ಬರೆದುದು ಇಂದಿಗೂ ಆ ದೇಶದ ಚಿತ್ರಶಾಲೆಗಳ ಗೋಡೆಗಳ ಮೇಲಿರುವುದು. ನೋಡಿದವರು ಅವುಗಳಲ್ಲಿ ಕೆಲವನ್ನು ಸುಂದರವೆಂದು ಹೇಳುತ್ತಾರೆ. ಸುಂದರವೆಂದು ಹೇಳುವುದಕ್ಕೆ ನಮಗೆ ಅಧಿಕಾರವುಂಟೆ ಎಂಬುದೇ ಪ್ರಕೃತ ವಿಚಾರ.

ಮೊದಲು ಸಂಗತಿಯನ್ನು ತಿಳಿಯೋಣ. ೧೯೪೦ನೆಯ ಸೆಪ್ಟೆಂಬರ್ ೭ರಂದು ಜರ್ಮನ್ ವಿಮಾನಗಳು ದೊಡ್ಡ ದಂಡಾಗಿ ಲಂಡನ್ನಿನ ಮೇಲೆ ಎರಗಿದವು. ಅಲ್ಲಿಂದ ಮುಂದೆ ಎರಡು ತಿಂಗಳ ಕಾಲ ಹೆಚ್ಚುಕಡಮೆ ಪ್ರತಿ ರಾತ್ರಿಯೂ, ಆ ಬಳಿಕ ೧೯೪೧ರ ಮೇ ತಿಂಗಳವರೆಗೆ ಬಿಟ್ಟು ಬಿಟ್ಟು, ಆ ನಗರದ ಮೇಲೆ ಬಾಂಬುಗಳು ಬಿದ್ದವು. ಆ ಎಂಟು ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ನಾಗರಿಕರು ೪೦,೦೦೦ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಲಂಡನ್ನಿನವರು. ಯುದ್ಧವು ಆರಂಭವಾದ ವರ್ಷವೇ, ೧೯೩೯ರ ನವೆಂಬರಿನಲ್ಲಿ, ಸರಕಾರವು ತನ್ನ ವಾರ್ತಾಖಾತೆಯ ಆಶ್ರಯದಲ್ಲಿ ಯುದ್ಧಚಿತ್ರಕಾರರ ಸಲಹಾಸಮಿತಿಯೊಂದನ್ನು ಏರ್ಪಡಿಸಿತ್ತು. ರಾಷ್ಟ್ರೀಯ ಚಿತ್ರಶಾಲೆಯ ನಿರ್ದೇಶಕನಾಗಿದ್ದ ಕೆನೆತ್ ಕ್ಲಾರ್ಕ್ ಎಂಬವನು ಅದರ ಅಧ್ಯಕ್ಷನು. ಯುದ್ಧವು ಮುಗಿಯುವ ಹೊತ್ತಿಗೆ ಈ ಸಮಿತಿಯು ನಾನೂರಕ್ಕೂ ಮಿಕ್ಕ ಕಲಾವಿದರಿಂದ ಸುಮಾರು ೬,೦೦೦ ಕೃತಿಗಳನ್ನು ಕೂಡಿಹಾಕಿತು. ಚಿತ್ರಶಾಲೆಯಲ್ಲಿದ್ದ ಹಳೆಯ ಅಮೂಲ್ಯ ಚಿತ್ರಗಳನ್ನು ವೇಲ್ಸ್ ಪ್ರಾಂತಕ್ಕೆ ಸಾಗಿಸಿ, ೧೯೪೧ರಲ್ಲಿ ಅಲ್ಲಿನ ಒಂದು ಕಲ್ಲುಗಣಿಯೊಳಗೆ ಬಚ್ಚಿಟ್ಟರು. ಹಾಗೆ ಬರಿದಾದ ಗೋಡೆಗಳ ಮೇಲೆ, ಬೀದಿಯಲ್ಲಿ ನಿನ್ನೆ ಮೊನ್ನೆ ಬೆಂದ ಮನೆಗಳ ಚಿತ್ರಗಳನ್ನು ತೂಗುಹಾಕಿದರು. ಆ ಬೀದಿಗಳ ಜನರೇ ಬಂದು ಅವುಗಳನ್ನು ನೋಡಿದರು.

ಇನ್ನು ಪೂರ್ವಪಕ್ಷವನ್ನು ಕೇಳೋಣ. ಪೂರ್ವಪಕ್ಷಿಯು ಹೇಳುವುದೇನೆಂದರೆ: ಪರರ ದುಃಖವು ನಮ್ಮ ನೋಟಕ್ಕೆ ರಸವಸ್ತುವಾಗಬಾರದು. ಮನೆಯನ್ನು ಕಳೆದುಕೊಂಡವಳಿಗೆ ಆ ಮುರಿದ ಗೋಡೆಯು ಅವಳ ಅಡಿಗೆಮನೆಯ ಗೋಡೆ. ಚಿತ್ರಕಾರನಿಗೆ ಅದು ಒಂದು ಒಳ್ಳೆಯ ರೇಖೆ. ಒಂದೇ ವಸ್ತುವಿನಲ್ಲಿ ಒಬ್ಬಳು ಅಳಲನ್ನೂ ಮತ್ತೊಬ್ಬನು ಆಕೃತಿಯನ್ನೂ ಕಾಣುವಲ್ಲಿ, ಎರಡನೆಯವನು ಮೊದಲನೆಯವಳಿಂದ ಏನನ್ನೋ ಕದ್ದಂತಾಯಿತಲ್ಲವೆ? ಗ್ರಹಾಮ್ ಸದರ್ಲೆಂಡ್ ಎಂಬ ಚಿತ್ರಕಾರನು ಲಂಡನ್ನಿನ ವ್ಯಾಪಾರಕೇಂದ್ರದಲ್ಲಿ ಕುಸಿದುಬಿದ್ದಿದ್ದ ಲಿಫ್ಟಿನ ಗೂಡೊಂದನ್ನು ಕಂಡನು. ತಿರುಚಿ ಬಿದ್ದಿದ್ದ ಆ ಕಬ್ಬಿಣವು ಅವನಿಗೆ ಗಾಯಗೊಂಡ ಮೃಗದಂತೆ ತೋರಿತು. ಹಾಗೆಯೇ ೧೯೪೧ರಲ್ಲಿ ಬರೆದನು. ಆ ಚಿತ್ರದಲ್ಲಿ ಕಪ್ಪಿನ ನಡುವೆ ಹಳದಿಯೂ ಕೆಂಪೂ ಮಿನುಗುವುವು. ಕಬ್ಬಿಣವನ್ನು ಮೃಗವಾಗಿ ಕಂಡವನು ಅದರ ಕೆಳಗೆ ಸಿಕ್ಕಿರಬಹುದಾದ ಮನುಷ್ಯನನ್ನು ಮರೆತನೆಂದು ಪೂರ್ವಪಕ್ಷಿಯು ಆರೋಪಿಸಿದರೆ, ಆ ಮಾತನ್ನು ನಗೆಯಾಡಿ ತಳ್ಳಿಬಿಡುವ ಹಾಗಿಲ್ಲ.

ಅಲಂಕಾರಶಾಸ್ತ್ರವನ್ನು ಓದಿದವರ ಬಾಯಿಗೆ ಇದಕ್ಕೆ ಒಂದು ಉತ್ತರವು ಸಿದ್ಧವಾಗಿಯೇ ಬರುವುದು. ಶೋಕವು ಕರುಣರಸಕ್ಕೆ ಸ್ಥಾಯಿಭಾವವೆಂದು ಭರತಮುನಿಯೇ ಹೇಳಿರುವನು; ಭಯಾನಕ ಬೀಭತ್ಸಗಳೂ ರಸಗಳೇ ಆಗಿರುವುವು. ಲೋಕದಲ್ಲಿ ಸಹಿಸಲಾಗದುದು ಕಾವ್ಯದಲ್ಲಿ ಆಸ್ವಾದ್ಯವಾಗುವುದು. ಹಾಳಾದ ನಗರದ ವರ್ಣನೆಯು ನಮಗೆ ಹೊಸದೂ ಅಲ್ಲ. ಕಾಳಿದಾಸನು ರಘುವಂಶದ ಹದಿನಾರನೆಯ ಸರ್ಗದಲ್ಲಿ ಅಯೋಧ್ಯೆಯ ಅಧಿದೇವತೆಯನ್ನು ನಡುರಾತ್ರಿಯಲ್ಲಿ ಕುಶಮಹಾರಾಜನ ಶಯನಗೃಹಕ್ಕೆ ಕಳುಹಿಸುವನು. ಆಕೆಯು ತನ್ನ ನಗರಕ್ಕೆ ಬಂದ ಪಾಡನ್ನು ರಾಜನಿಗೆ ನಿವೇದಿಸುವಳು. ನೂಪುರಗಳ ದನಿಯಿದ್ದ ರಾಜಬೀದಿಯಲ್ಲಿ ನರಿಗಳು ಓಡಾಡುವುವು. ಜಲಕ್ರೀಡೆಯ ಬಾವಿಗಳ ನೀರನ್ನು ಕಾಡುಕೋಣಗಳು ಕೊಂಬಿನಿಂದ ಕಲಕುವುವು. ಅರಗಿನ ಬಣ್ಣದ ಪಾದಗಳು ಮೂಡುತ್ತಿದ್ದ ಮೆಟ್ಟಿಲುಗಳ ಮೇಲೆ ಹುಲಿಯ ರಕ್ತದ ಹೆಜ್ಜೆಗಳು ಬಿದ್ದಿರುವುವು. ಕಂಬದ ಶಿಲಾಕನ್ನಿಕೆಯರಿಗೆ ಹಾವಿನ ಪೊರೆಯೇ ಎದೆಯ ವಸ್ತ್ರವಾಗಿರುವುದು. ಇದಕ್ಕಿಂತ ಸುಂದರವಾಗಿ ಹಾಳನ್ನು ವರ್ಣಿಸಿದ ಕವಿಯು ದುರ್ಲಭ. ಅದನ್ನು ಓದಿ ಆನಂದಪಟ್ಟುದಕ್ಕಾಗಿ ಯಾವ ವಿದ್ಯಾರ್ಥಿಯೂ ಪ್ರಾಯಶ್ಚಿತ್ತವನ್ನು ಮಾಡಿಕೊಂಡುದಿಲ್ಲ.

ಆದರೆ ಈ ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರೆಯುತ್ತರವಾಗುವುದೆಂದು ನನಗೆ ತೋರುವುದು. ರಸಶಾಸ್ತ್ರವು ಮಾತನಾಡುವುದು ರಂಗದ ಮೇಲಿನ ವಿಭಾವಾನುಭಾವಗಳನ್ನು ಕುರಿತು. ಬೀದಿಯ ಹೆಣವನ್ನು ಕುರಿತಲ್ಲ. ಸೀತೆಯ ದುಃಖವು ನಾಟಕದಲ್ಲಿ ರಸವಾಗುವುದಕ್ಕೆ ಕಾರಣವು, ಪ್ರೇಕ್ಷಕನು ಎದ್ದುಹೋಗಿ ಅವಳಿಗೆ ನೆರವಾಗಬೇಕಾದ ಕರ್ತವ್ಯವು ಅವನಿಗಿಲ್ಲದಿರುವುದು. ಲಂಡನ್ನಿನ ಬೀದಿಯಲ್ಲಿ ನಿಂತ ಚಿತ್ರಕಾರನಿಗಾದರೋ ಆ ಕರ್ತವ್ಯವು ಇತ್ತು. ಲೌಕಿಕಶೋಕವನ್ನು ಲೌಕಿಕವಾಗಿಯೇ ಎದುರಿಸಬೇಕಾದೆಡೆಯಲ್ಲಿ ಅದನ್ನು ಅಲೌಕಿಕವೆಂದು ಭಾವಿಸುವುದು ಶಾಸ್ತ್ರದ ಅಪವ್ಯಾಖ್ಯಾನವೇ ಸರಿ. ಆದುದರಿಂದ, ಬೀದಿಗೂ ಚಿತ್ರಕ್ಕೂ ನಡುವೆ ಚಿತ್ರಕಾರನು ಹೇಗೆ ನಡೆದುಕೊಂಡನು ಎಂಬುದನ್ನು ಮೊದಲು ನೋಡಬೇಕು.

ಹೆನ್ರಿ ಮೂರ್ ಎಂಬವನು ಶಿಲ್ಪಿ. ಕಲ್ಲಿದ್ದಲಿನ ಗಣಿಯ ಕೆಲಸಗಾರನೊಬ್ಬನ ಮಗನು. ಹಿಂದಿನ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಹೋಗಿ ೧೯೧೭ರಲ್ಲಿ ವಿಷವಾಯುವಿನಿಂದ ಪೆಟ್ಟುತಿಂದವನು. ೧೯೪೦ರ ಸೆಪ್ಟೆಂಬರಿನ ಒಂದು ರಾತ್ರಿ ಅವನು ಹೆಂಡತಿಯೊಡನೆ ನೆಲದಡಿಯ ರೈಲಿನಲ್ಲಿ ಮನೆಗೆ ಹಿಂದಿರುಗುತ್ತಿದ್ದಾಗ, ನಿಲ್ದಾಣದ ಕಟ್ಟೆಗಳ ಮೇಲೆ ನೂರಾರು ಜನರು ಹಾಸಿ ಹೊದೆದು ಮಲಗಿದ್ದುದನ್ನು ಕಂಡನು. ಮೇಲೆ ಬಾಂಬುಗಳು ಬೀಳುತ್ತಿದ್ದುದರಿಂದ ಅವನೂ ಕೆಲವು ಹೊತ್ತು ಅಲ್ಲಿಯೇ ಉಳಿಯಬೇಕಾಯಿತು. ಆಮೇಲೆ ಅನೇಕ ರಾತ್ರಿಗಳು ಅವನು ಅಂತಹ ಆಶ್ರಯಗಳಿಗೆ ಹೋಗಿಬಂದನು. ಆದರೆ ಮಲಗಿದವರ ಎದುರಿನಲ್ಲಿ ಕುಳಿತು ಅವರನ್ನು ಬರೆಯಲಿಲ್ಲ. ಗುಲಾಮರನ್ನು ತುಂಬಿದ ಹಡಗಿನ ಒಡಲಿನಲ್ಲಿ ಕುಳಿತು ಚಿತ್ರ ಬರೆದಂತಾದೀತು, ಅಷ್ಟು ನಿರ್ಲಿಪ್ತತೆಯು ತನಗೆ ಸಾಧ್ಯವಿಲ್ಲ ಎಂಬ ಅರ್ಥದ ಮಾತನ್ನು ಅವನು ಮುಂದೆ ಹೇಳಿದ್ದುಂಟು. ಕಣ್ಮರೆಯಾಗಿ ಎರಡು ಗೀಟು, ಎರಡು ಮಾತು ಗುರುತುಹಾಕಿಕೊಂಡು, ಮನೆಗೆ ಬಂದು, ನೆನಪಿನಿಂದ ಮೇಣದ ಬಣ್ಣದ ಕಡ್ಡಿಯನ್ನೂ ನೀರುಬಣ್ಣವನ್ನೂ ಬಳಸಿ ಬರೆದನು. ಮೇಣವಿದ್ದೆಡೆಯಲ್ಲಿ ನೀರುಬಣ್ಣವು ಹಿಡಿಯದು; ಆದುದರಿಂದ ಕಪ್ಪಿನೊಳಗಿಂದ ದೇಹಗಳು ಬೆಳ್ಳಗೆ, ನೂಲು ಸುತ್ತಿದಂತೆ, ಮೇಲೆದ್ದು ತೋರುವುವು.

ಜಾನ್ ಪೈಪರನ ಸಂಗತಿಯೂ ಇಂತಹುದೇ. ೧೯೪೦ರ ನವೆಂಬರ್ ೧೪ರ ರಾತ್ರಿ ಕೊವೆಂಟ್ರಿ ನಗರದ ಮೇಲೆ ಬಿದ್ದ ಬಾಂಬುಗಳಿಂದ ಐನೂರಕ್ಕೂ ಹೆಚ್ಚು ಜನರು ಸತ್ತರು. ಊರಿನ ಪ್ರಧಾನ ಚರ್ಚು ಸುಟ್ಟು, ಛಾವಣಿಯು ಕುಸಿದು, ಹೊರಗೋಡೆಗಳೂ ಗೋಪುರವೂ ಮಾತ್ರ ಉಳಿದವು. ಮರುದಿನವೇ ಪೈಪರನು ಅಲ್ಲಿಗೆ ಹೋದನು. ಜನರು ಇನ್ನೂ ಕಲ್ಲುಮಣ್ಣನ್ನು ತೆಗೆಯುತ್ತಿದ್ದಾಗ ನಡುಬೀದಿಯಲ್ಲಿ ನಿಂತು ಬರೆಯುವುದು ಅವನಿಗೆ ಒಗ್ಗಲಿಲ್ಲ. ಎದುರಿನ ಒಂದು ವಕೀಲರ ಕಚೇರಿಯಲ್ಲಿ ಹುಡುಗಿಯೊಬ್ಬಳು ಏನೂ ಆಗದವಳಂತೆ ಬೆರಳಚ್ಚು ಮಾಡುತ್ತಿದ್ದಳಂತೆ. ಅಲ್ಲಿಗೆ ಹೋಗಿ, ಕಿಟಕಿಯ ಬಳಿ ಕುಳಿತು ಬರೆದುಕೊಂಡನು. ಆ ಚಿತ್ರದಲ್ಲಿ ಗೋಡೆಗಳು ಇನ್ನೂ ಒಳಗೆ ಬೆಂಕಿಯನ್ನಿಟ್ಟುಕೊಂಡಂತೆ ಕೆಂಪಾಗಿ ಕಾದಿರುವುವು. ಮನುಷ್ಯರು ಒಬ್ಬರೂ ಇಲ್ಲ. ಇವರಿಬ್ಬರೂ ಒಂದು ಸಣ್ಣ ಅಂತರವನ್ನು ಕಾಯ್ದುಕೊಂಡರು: ಒಬ್ಬನು ಒಂದು ರಾತ್ರಿಯ ಅಂತರವನ್ನು, ಮತ್ತೊಬ್ಬನು ಒಂದು ಕಿಟಕಿಯ ಅಂತರವನ್ನು. ಹೊರಗಣ್ಣಿಗೆ ಅಲ್ಪವಾಗಿ ತೋರುವ ಈ ನಡತೆಯಲ್ಲಿಯೇ ದುಃಖಿಗಳ ವಿಷಯದ ಗೌರವವು ಅಡಗಿರುವುದು. ಅತ್ತ ಕೊಡವನ್ನು ಹೊತ್ತವನೇ ಕುಂಚವನ್ನು ಹಿಡಿದುದೂ ಉಂಟು. ಲೆನರ್ಡ್ ರೋಸೊಮನ್ ಎಂಬವನು ಲಂಡನ್ನಿನ ಅಗ್ನಿಶಾಮಕ ದಳದಲ್ಲಿ ಸೇರಿದ್ದ ಚಿತ್ರಕಾರನು. ಷೂ ಲೇನ್ ಎಂಬ ಬೀದಿಯಲ್ಲಿ ಅವನು ನೀರಿನ ಕೊಳವೆಯನ್ನು ಹಿಡಿದಿದ್ದು, ಬೇರೆಯವರಿಗೆ ಒಪ್ಪಿಸಿ ಈಚೆಗೆ ಬಂದ ಕೂಡಲೇ ದೊಡ್ಡ ಗೋಡೆಯು ಅಲ್ಲಿದ್ದ ಇಬ್ಬರ ಮೇಲೆ ಉರುಳಿತು. ಗೋಡೆಯು ಇನ್ನೂ ಗಾಳಿಯಲ್ಲಿ ಬಾಗಿರುವ, ಇಬ್ಬರು ಅದರ ಕೆಳಗೆ ನಿಂತಿರುವ ಆ ಕ್ಷಣವನ್ನು ಅವನು ಬಣ್ಣದಲ್ಲಿ ಬರೆದನು. ಇವನನ್ನು ಜಗಲಿಯ ಮೇಲೆ ಕುಳಿತವನೆಂದು ಯಾರು ಹಳಿದಾರು?

ಇಲ್ಲಿಗೆ ಪೂರ್ವಪಕ್ಷಿಯು ಸುಮ್ಮನಾಗನು. ಅವನ ಎರಡನೆಯ ಮಾತು ಮೊದಲಿನದಕ್ಕಿಂತ ತೀಕ್ಷ್ಣವಾದುದು. "ಒಳ್ಳೆಯದು, ನಿಮ್ಮ ಚಿತ್ರಕಾರರು ಸಭ್ಯರು. ಆದರೆ ನಾನೂರು ಜನರು ಬರೆದ ಆರು ಸಾವಿರ ಕೃತಿಗಳಲ್ಲಿ ಸತ್ತವರು ಏಕೆ ಇಷ್ಟು ವಿರಳ? ನಲವತ್ತು ಸಾವಿರ ಜನರು ಸತ್ತ ಊರುಗಳ ಚಿತ್ರದಲ್ಲಿ ಬರಿಯ ಗೋಡೆಗಳನ್ನು ತೋರಿಸುವುದು ಸಭ್ಯತೆಯೋ, ಮರೆಮಾಚುವಿಕೆಯೋ?" ಇದಕ್ಕೂ ನಮ್ಮ ಶಾಸ್ತ್ರದಲ್ಲಿ ಸಿದ್ಧವಾದ ಉತ್ತರವೊಂದುಂಟು. ಯುದ್ಧ, ರಾಜ್ಯನಾಶ, ಮರಣ, ನಗರದ ಮುತ್ತಿಗೆ ಇವುಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಾದಿಗಳಿಂದ ಸೂಚಿಸಬೇಕೆಂದು ನಾಟ್ಯಶಾಸ್ತ್ರದ ವಿಧಿ. ಮುಚ್ಚಿದುದು ತೋರಿದುದಕ್ಕಿಂತ ಬಲವಾಗಿ ಮನಸ್ಸನ್ನು ತಟ್ಟುವುದೆಂಬುದು ಧ್ವನಿಕಾರರ ಸಿದ್ಧಾಂತವಲ್ಲವೆ?

ಆದರೆ ಇಲ್ಲಿಯೂ ಒಂದು ವಿವೇಕವನ್ನು ಮಾಡಲೇಬೇಕು. ವ್ಯಂಗ್ಯಾರ್ಥವೆಂದರೆ ಹೇಳದೆ ಕೇಳಿಸುವ ಅರ್ಥ. ಗೋಪನವೆಂದರೆ ಕೇಳಿಸದಂತೆ ಹೇಳದಿರುವುದು. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಇರುವುದು ಮೌನವೇ. ರೋಸೊಮನ್ನನ ಚಿತ್ರದಲ್ಲಿ ಹೆಣವಿಲ್ಲ. ಆದರೆ ಮುಂದಿನ ಕ್ಷಣದಲ್ಲಿ ಏನಾಗುವುದೆಂಬುದು ನೋಡುವವನ ಎದೆಯಲ್ಲಿ ಆಗಲೇ ಆಗಿಹೋಗುವುದು. ಮೂರನು ಬರೆದವರು ನಿದ್ರಿಸುತ್ತಿರುವರು. ಆದರೆ ಬಾಯಿ ತೆರೆದು, ಕೈಚೆಲ್ಲಿ, ಸಾಲುಸಾಲಾಗಿ ಮಲಗಿರುವ ಅವರನ್ನು ಕಂಡಾಗ ನಿದ್ರೆಯೆಂಬ ವಾಚ್ಯಾರ್ಥದ ಹಿಂದಿನಿಂದ ಮತ್ತೊಂದು ಅರ್ಥವು ಬಂದು ನಿಲ್ಲುವುದು. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಬಳಿಯಲ್ಲಿ ಇನ್ನೂ ಕಂಬಿಹಾಕದೆ ಬಿಟ್ಟಿದ್ದ ಸುರಂಗವೊಂದನ್ನು ಅವನು ೧೯೪೧ರಲ್ಲಿ ಬರೆದಿರುವನು. ಎರಡು ಸಾಲು ದೇಹಗಳು ಕಣ್ಣು ಹರಿಯುವಷ್ಟು ದೂರ ಹೋಗಿ ಕತ್ತಲಲ್ಲಿ ಕರಗುವುವು. ಅದನ್ನು ಕಂಡು "ಇವರು ಹಾಯಾಗಿ ಮಲಗಿರುವರು" ಎನ್ನುವವನು ಯಾರೂ ಇರಲಾರನು. ಇದು ಧ್ವನಿ.

ಇನ್ನೊಂದು ಮೌನಕ್ಕೂ ದೃಷ್ಟಾಂತವನ್ನು ಕೊಡುವೆನು. ೧೯೪೦ರ ಡಿಸೆಂಬರ್ ೨೯ರ ರಾತ್ರಿ ಲಂಡನ್ನಿನ ಹಳೆಯ ಭಾಗವು ಉರಿದಾಗ, ಹರ್ಬರ್ಟ್ ಮೇಸನ್ ಎಂಬ ಛಾಯಾಗ್ರಾಹಕನು ಪತ್ರಿಕಾಕಚೇರಿಯ ಮಾಳಿಗೆಯಿಂದ ಸೇಂಟ್ ಪಾಲ್ ಚರ್ಚಿನ ಗುಮ್ಮಟವು ಹೊಗೆಯ ಮೇಲೆ ತೇಲುತ್ತಿರುವಂತೆ ಚಿತ್ರ ತೆಗೆದನು. ೩೧ರಂದು ಅದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ನಗರವು ಸೋತಿಲ್ಲವೆಂಬುದಕ್ಕೆ ಪ್ರಮಾಣವಾಯಿತು. ೧೯೪೧ರ ಜನವರಿಯಲ್ಲಿ ಬರ್ಲಿನ್ನಿನ ಸಚಿತ್ರ ಪತ್ರಿಕೆಯೊಂದು ಅದೇ ಚಿತ್ರವನ್ನು ಅಚ್ಚುಹಾಕಿ, ಲಂಡನ್ ಉರಿಯುತ್ತಿದೆಯೆಂಬುದಕ್ಕೆ ಪ್ರಮಾಣವೆಂದಿತು. ಒಬ್ಬರು ಗುಮ್ಮಟವನ್ನು ನೋಡಿದರು, ಒಬ್ಬರು ಹೊಗೆಯನ್ನು ನೋಡಿದರು. ಆ ಹೊಗೆಯ ಕೆಳಗಿದ್ದ ಮನುಷ್ಯನನ್ನು ಇಬ್ಬರೂ ನೋಡಲಿಲ್ಲ; ಇಬ್ಬರಿಗೂ ಅವನು ಬೇಕಾಗಿರಲಿಲ್ಲ. ಛಾಯಾಗ್ರಾಹಕನಲ್ಲಿ ಇದರ ದೋಷವನ್ನು ಹೊರಿಸಲಾಗದು. ಆದರೆ ಎರಡು ವಿರುದ್ಧ ಪಕ್ಷಗಳ ಅಹಂಕಾರಕ್ಕೂ ಸಮವಾಗಿ ಒದಗುವ ಚಿತ್ರವು, ಸತ್ತವನ ವಿಷಯದಲ್ಲಿ ಇನ್ನೂ ಏನನ್ನೂ ಹೇಳಿಲ್ಲವೆಂದೇ ತಿಳಿಯತಕ್ಕದ್ದು. ಮೌನವು ಧ್ವನಿಯೋ ಗೋಪನವೋ ಎಂಬುದನ್ನು ಪರೀಕ್ಷಿಸುವುದಕ್ಕೆ ಇದು ಒಂದು ಒರೆಗಲ್ಲು.

ಮೂರನೆಯ ಆಕ್ಷೇಪವು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿರುವುದು. ಏಕೆಂದರೆ ಇದು ರಸಸಿದ್ಧಾಂತದ ಬುಡಕ್ಕೇ ತಗಲುವುದು. ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ತನ್ನದಾದ ರೀತಿಯಲ್ಲಿ ಅಂಗೀಕರಿಸಿದ ಸಾಧಾರಣೀಕರಣದ ಪ್ರಕಾರ, ಕಾವ್ಯದಲ್ಲಿ ಸೀತೆಯು ಜನಕನ ಮಗಳಾಗಿ ಉಳಿಯದೆ ಕೇವಲ ಸ್ತ್ರೀಯಾಗಿ ತೋರುವಳು. ಅವಳ ಶೋಕವು ಯಾರದೂ ಅಲ್ಲದ, ಎಲ್ಲರದೂ ಆದ ಶೋಕವಾಗುವುದು. ಮೂರನ ಚಿತ್ರಗಳಲ್ಲಿ ಆಗಿರುವುದೂ ಇದೇ. ಅವನು ಬರೆದ ಮುಖಗಳಲ್ಲಿ ಇಂತಹವಳು ಎಂದು ಗುರುತಿಸಬಹುದಾದ ಒಂದು ಮುಖವೂ ಇಲ್ಲ. ಅವರು ಮಾನವಜಾತಿಯೇ ಆಗಿ ಮಲಗಿರುವರು. ನೋಡುವ ನಮಗೆ ಇದು ಲಾಭ. ಆದರೆ ಅಲ್ಲಿ ಮಲಗಿದ್ದ ಹೆಂಗಸಿಗೆ? ಅವಳಿಗೆ ಹೆಸರಿತ್ತು, ಬೀದಿಯಿತ್ತು, ಮಗುವಿತ್ತು. ಬಾಂಬು ಅವಳ ಮನೆಯನ್ನು ಕಿತ್ತುಕೊಂಡಿತು. ಕಲೆಯು ಅವಳ ಹೆಸರನ್ನೂ ಕಿತ್ತುಕೊಳ್ಳಬೇಕೆ? ನಾಟಕದ ಸೀತೆಗೆ ಇದರಿಂದ ನಷ್ಟವಿಲ್ಲ. ಬದುಕಿರುವವಳಿಗೆ ನಷ್ಟವುಂಟು.

ಈ ಆಕ್ಷೇಪಕ್ಕೆ ಉತ್ತರವನ್ನು ನಾನು ಶಾಸ್ತ್ರದಲ್ಲಿ ಕಾಣಲಿಲ್ಲ. ಹಿರೋಷಿಮಾದ ಜನರಲ್ಲಿ ಕಂಡೆನು. ೧೯೪೫ರ ಆಗಸ್ಟ್ ೬ರಂದು ಆ ನಗರದ ಮೇಲೆ ಪರಮಾಣುಬಾಂಬು ಬಿದ್ದಿತು. ಅದಾಗಿ ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ೧೯೭೪ರಲ್ಲಿ, ಬದುಕಿ ಉಳಿದಿದ್ದ ವೃದ್ಧನೊಬ್ಬನು ತಾನು ಅಂದು ಕಂಡುದನ್ನು ಬರೆದ ಚಿತ್ರವೊಂದನ್ನು ತೆಗೆದುಕೊಂಡು ಆ ಊರಿನ ಪ್ರಸಾರಕೇಂದ್ರಕ್ಕೆ ಬಂದನು. ಅದನ್ನು ಕಂಡು ಕೇಂದ್ರದವರು, ನೆನಪಿರುವವರೆಲ್ಲರೂ ಬರೆದು ಕಳುಹಿಸಬೇಕೆಂದು ಕೇಳಿಕೊಂಡರು. ಎರಡು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು; ಅವು ಈಗ ಅಲ್ಲಿನ ಶಾಂತಿಸ್ಮಾರಕ ವಸ್ತುಸಂಗ್ರಹಾಲಯದಲ್ಲಿರುವುವು. ಬರೆದವರಲ್ಲಿ ಬಹುಮಂದಿ ಚಿತ್ರಕಲೆಯನ್ನು ಕಲಿತವರಲ್ಲ. ಕೈಗೆ ಸಿಕ್ಕ ಕಾಗದದ ಮೇಲೆ, ಸಿಕ್ಕ ಬಣ್ಣದಿಂದ, ಪ್ರಮಾಣವೂ ಆಳವೂ ತಿಳಿಯದೆ ಬರೆದರು. ಅನೇಕರಿಗೆ ಚಿತ್ರವು ಸಾಲದೆಂದು ತೋರಿ, ಅದರ ಮೇಲೆಯೇ ಅಕ್ಷರಗಳನ್ನೂ ಬರೆದರು: ಇದು ಇಂತಹ ಸೇತುವೆಯ ಬಳಿ, ಇಷ್ಟು ಹೊತ್ತಿನಲ್ಲಿ ಕಂಡುದು ಎಂದು. ಇಲ್ಲಿ ಸಾಧಾರಣೀಕರಣವಿಲ್ಲ. ಪ್ರತಿಯೊಂದು ಚಿತ್ರವೂ ಒಂದು ಸಾಕ್ಷಿಯ ಹೇಳಿಕೆ.

ಹಾಗಾದರೆ ಇವು ಉತ್ತಮವೋ, ಮೂರನವು ಉತ್ತಮವೋ? ಹೀಗೆ ಕೇಳುವುದು ಸರಿಯಲ್ಲವೆಂದು ನನ್ನ ಮತ. ನ್ಯಾಯಸ್ಥಾನದಲ್ಲಿ ಸಾಕ್ಷಿಗೂ ಸ್ಥಾನವುಂಟು, ತೀರ್ಪಿಗೂ ಸ್ಥಾನವುಂಟು. ಸಾಕ್ಷಿಯಿಲ್ಲದ ತೀರ್ಪು ಮಾತ್ರ ಅನ್ಯಾಯ. ಎಲ್ಲರ ದುಃಖವನ್ನು ಹೇಳುವ ಚಿತ್ರವು ನಿಲ್ಲಬೇಕಾದರೆ, ಅದರ ಪಕ್ಕದಲ್ಲಿ ಒಬ್ಬೊಬ್ಬರ ದುಃಖವನ್ನು ಹೆಸರಿಟ್ಟು ಹೇಳುವ ಗುರುತುಗಳೂ ಇರಬೇಕು. ಮಹಾಕಲಾವಿದನ ಕೃತಿಯನ್ನು ಕೊಂಡಾಡಿ, ಬೀದಿಯವನ ಒರಟು ಗೀಟನ್ನು ಬಿಸಾಡುವ ಸಮಾಜವು ರಸಿಕಸಮಾಜವಾಗಿರಬಹುದು, ನ್ಯಾಯವಂತ ಸಮಾಜವೆನಿಸಲಾರದು.

ಕಡೆಯದಾಗಿ ಒಂದು ವಿಚಾರ ಉಳಿಯಿತು. ಅದನ್ನು ಬಿಟ್ಟು ಈ ಲೇಖನವನ್ನು ಮುಗಿಸಿದರೆ ಕಷ್ಟವಾದುದರಿಂದ ತಪ್ಪಿಸಿಕೊಂಡಂತಾಗುವುದು. ಶೋಕವು ಶ್ಲೋಕವಾದ ಕಥೆಯು ವಾಚಕರೆಲ್ಲರಿಗೂ ತಿಳಿದುದೇ. ಆದರೆ ಆದಿಕವಿಯ ಬಾಯಿಂದ ಹೊರಟ ಆ ಮೊದಲ ಶ್ಲೋಕವು ವಿಲಾಪವಾಗಿರಲಿಲ್ಲ, ಶಾಪವಾಗಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಕ್ರೌಂಚದ ಅಳಲಿಗೆ ಕರಗಿದ ಹೃದಯವೇ ಬೇಡನ ಕೃತ್ಯವನ್ನು ಅಧರ್ಮವೆಂದು ನಿರ್ಣಯಿಸಿತು. ಕರುಣೆಯೊಳಗೆ ವಿಚಾರಣೆಯೂ ಸೇರಿರುವುದೆಂದು ಇದರಿಂದ ಸಿದ್ಧವಾಗುವುದು. ಇರಲಿ, ಆ ಬೇಡನು ತಾನು ಹೊಡೆದ ಹಕ್ಕಿಯನ್ನು ಕಣ್ಣಾರೆ ಕಂಡು ಹೊಡೆದನು. ಮೈಲಿಗಳ ಎತ್ತರದಲ್ಲಿ, ಕತ್ತಲಲ್ಲಿ ಹಾರುವವನು ಕಾಣುವುದೇನು? ಪಾಲ್ ನ್ಯಾಷ್ ಎಂಬ ಚಿತ್ರಕಾರನು ೧೯೪೪ರಲ್ಲಿ ಜರ್ಮನಿಯ ಮೇಲಿನ ದಾಳಿಯನ್ನು ಹಾಗೆ ಮೇಲಿನಿಂದಲೇ ಬರೆದನು. ಅಲ್ಲಿ ನಗರವಿಲ್ಲ, ಮನೆಯಿಲ್ಲ. ಬಣ್ಣದ ಬುಗ್ಗೆಗಳು, ಹೊಗೆಯ ಕಂಬ, ಆಕಾಶದಲ್ಲಿ ಬೆಳ್ಳನೆಯ ಬಿಲ್ಲೆಗಳು. ಇದನ್ನು ನಾನು ಸುಳ್ಳುಚಿತ್ರವೆನ್ನುವುದಿಲ್ಲ. ಮೇಲಿರುವವನ ಕಣ್ಣಿಗೆ ನಗರವು ಏನಾಗಿಬಿಡುವುದೆಂಬುದಕ್ಕೆ ಅದು ಪ್ರಾಮಾಣಿಕವಾದ ಸಾಕ್ಷ್ಯವೆಂದೇ ಎಣಿಸುವೆನು. ಅದಕ್ಕಾಗಿಯೇ ಅದು ಭಯವನ್ನುಂಟುಮಾಡುವುದು.

ಏಕೆಂದರೆ ಲಂಡನ್ನಿನಲ್ಲಿ ನಡೆದುದು ಮುಂದೆ ಹ್ಯಾಂಬರ್ಗಿನಲ್ಲಿ, ಡ್ರೆಸ್ಡೆನ್ನಿನಲ್ಲಿ ಇಮ್ಮಡಿ ಮುಮ್ಮಡಿಯಾಗಿ ನಡೆಯಿತು. ೧೯೪೫ರ ಫೆಬ್ರವರಿ ೧೩ರಿಂದ ಮೊದಲಾದ ದಾಳಿಗಳಲ್ಲಿ ಡ್ರೆಸ್ಡೆನ್ನಿನಲ್ಲಿ ಸತ್ತವರು ಹೆಚ್ಚೆಂದರೆ ೨೫,೦೦೦ ಎಂದು ಆ ನಗರವು ನೇಮಿಸಿದ ಇತಿಹಾಸಜ್ಞರ ಮಂಡಲಿಯು ೨೦೧೦ರಲ್ಲಿ ನಿರ್ಣಯಿಸಿತು. ಆ ರಾತ್ರಿ ತನ್ನ ಮನೆಯನ್ನೂ ತನ್ನ ಕೃತಿಗಳಲ್ಲಿ ಬಹುಭಾಗವನ್ನೂ ಕಳೆದುಕೊಂಡ ವಿಲ್‌ಹೆಲ್ಮ್ ರುಡಾಲ್ಫ್ ಎಂಬ ಚಿತ್ರಕಾರನು, ಲೇಖನಿಯನ್ನೂ ಶಾಯಿಯನ್ನೂ ಹಿಡಿದು ಬೀದಿಬೀದಿಯಾಗಿ ನಡೆದು ಸುಮಾರು ನೂರೈವತ್ತು ಚಿತ್ರಗಳನ್ನು ಬರೆದನು. ಅಲ್ಲಿ ಬಣ್ಣವಿಲ್ಲ, ಉಪಮೆಯಿಲ್ಲ, ಕಬ್ಬಿಣವು ಮೃಗವಾಗಿಲ್ಲ. ಇದು ಇಂತಹ ಬೀದಿ, ಇದು ಹೀಗಿದೆ, ಅಷ್ಟೇ. ಜರ್ಮನಿಯ ಆಳರಸರು ಮಾಡಿದ ಪಾಪವನ್ನು ನೆನೆದವರು ಈ ಚಿತ್ರಗಳನ್ನು ನೋಡಲು ಹಿಂಜರಿಯುವುದು ಸಹಜ. ಯಾರು ಬಿತ್ತಿದರೋ ಅವರೇ ಕೊಯ್ದರೆನ್ನುವವರೂ ಉಂಟು. ಆದರೆ ಉರಿದ ಮನೆಯ ಒಳಗಿದ್ದ ಕೂಸು ಏನನ್ನು ಬಿತ್ತಿತ್ತು? ೧೯೪೪ರ ಫೆಬ್ರವರಿಯಲ್ಲಿ, ಯುದ್ಧವು ನಡೆಯುತ್ತಿದ್ದಾಗಲೇ, ಜಾರ್ಜ್ ಬೆಲ್ ಎಂಬ ಬಿಷಪ್ಪನು ಬ್ರಿಟನ್ನಿನ ಪ್ರಭುಸಭೆಯಲ್ಲಿ ಎದ್ದುನಿಂತು ಜರ್ಮನ್ ನಗರಗಳ ಮೇಲಿನ ಈ ಬಗೆಯ ದಾಳಿಯನ್ನು ಪ್ರಶ್ನಿಸಿದನು. ತನ್ನ ಊರಿನ ಬೂದಿಯನ್ನು ಕಂಡವನಿಗೆ ಮಾತ್ರ ಹಾಗೆ ಕೇಳುವ ಬಲವಿರುವುದು. ಆ ಬೂದಿಯನ್ನು ಕಂಡೂ ಹಾಗೆ ಕೇಳದಿದ್ದವರೇ ಹೆಚ್ಚು.

ಈಗ ಸಿದ್ಧಾಂತವನ್ನು ಹೇಳಬಹುದು. ದಗ್ಧನಗರವನ್ನು ಬರೆಯುವುದು ಪಾಪವಲ್ಲ. ಅದರಲ್ಲಿ ಸೌಂದರ್ಯವು ಕಂಡರೆ ಅದನ್ನು ಮರೆಮಾಡುವುದೂ ಸತ್ಯವಲ್ಲ, ಏಕೆಂದರೆ ಬೆಂಕಿಯು ನೋಡಲು ಸುಂದರವೆಂಬುದು ಬೆಂಕಿಯ ಭೀಕರತೆಯ ಒಂದು ಭಾಗವೇ ಆಗಿರುವುದು. ಆದರೆ ಬರೆಯುವವನು ದುಃಖಿಯ ಎದುರಿನಲ್ಲಿ ತನ್ನ ಕುಂಚವನ್ನು ಮುಚ್ಚಿಡಲು ಅರಿತಿರಬೇಕು. ಅವನ ಮೌನವು ಸತ್ತವನನ್ನು ನೆನಪಿಗೆ ತರಬೇಕೇ ಹೊರತು ಮರೆಯಿಸಬಾರದು. ಅವನ ಕರುಣೆಯು ತನ್ನ ಊರಿನ ಗಡಿಯಲ್ಲಿ ನಿಲ್ಲಬಾರದು. ಇವುಗಳಲ್ಲಿ ಮೊದಲನೆಯದನ್ನು ಲಂಡನ್ನಿನ ಚಿತ್ರಕಾರರು ಬಹುಮಟ್ಟಿಗೆ ಪಾಲಿಸಿದರು, ಎರಡನೆಯದನ್ನು ಅವರಲ್ಲಿ ಉತ್ತಮರು ಪಾಲಿಸಿದರು. ಮೂರನೆಯದು ಅವರ ಕೈಗೆ ಮೀರಿದುದಾಗಿತ್ತು. ಅದು ನೋಡುವವರ ಕೈಯಲ್ಲಿರುವುದು. ಲಂಡನ್ನಿನ ಚಿತ್ರವನ್ನು ನೋಡಿ ಕಣ್ಣೀರಿಟ್ಟವನು ಡ್ರೆಸ್ಡೆನ್ನಿನ ಚಿತ್ರವನ್ನೂ ಹಿರೋಷಿಮಾದ ಚಿತ್ರವನ್ನೂ ಅದೇ ಕಣ್ಣಿನಿಂದ ನೋಡಲಾರನಾದರೆ, ಅವನು ಅತ್ತುದು ಮನುಷ್ಯನಿಗಾಗಿ ಅಲ್ಲ, ತನ್ನ ಪಕ್ಷಕ್ಕಾಗಿ.

ಅಯೋಧ್ಯೆಯ ದೇವತೆಯು ತನ್ನ ಹಾಳನ್ನು ಕುಶನಿಗೆ ವರ್ಣಿಸಿದುದು ಅವನು ರಸಾನುಭವಮಾಡಿ ಮರಳಿ ಮಲಗಲೆಂದಲ್ಲ. ಬೆಳಗಾದ ಮೇಲೆ ಅವನು ಆ ಸಂಗತಿಯನ್ನು ಸಭೆಯಲ್ಲಿ ತಿಳಿಸಿ, ಕುಶಾವತಿಯನ್ನು ಬ್ರಾಹ್ಮಣರಿಗೆ ಒಪ್ಪಿಸಿ, ಸೇನೆಯೊಡನೆ ಅಯೋಧ್ಯೆಗೆ ಹೊರಟನು; ಶಿಲ್ಪಿಗಳ ಸಮೂಹವು ಆ ನಗರವನ್ನು ಮತ್ತೆ ಹೊಸದುಮಾಡಿತು. ಕೊವೆಂಟ್ರಿಯಲ್ಲಿಯೂ ಸುಟ್ಟ ಚರ್ಚಿನ ಛಾವಣಿಯಿಲ್ಲದ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಅದರ ಪಕ್ಕದಲ್ಲಿ ಹೊಸ ಚರ್ಚನ್ನು ಕಟ್ಟಿ ೧೯೬೨ರಲ್ಲಿ ಪ್ರತಿಷ್ಠೆಮಾಡಿದರು. ಅದರ ಒಳಗೆ ತೂಗುಬಿಟ್ಟಿರುವ ಮಹಾ ಚಿತ್ರಕಂಬಳಿಯನ್ನು ರೂಪಿಸಿದವನು, ಲಿಫ್ಟಿನ ಗೂಡನ್ನು ಗಾಯಗೊಂಡ ಮೃಗವಾಗಿ ಕಂಡ ಸದರ್ಲೆಂಡನು. ಅಲ್ಲಿನ ದೊಡ್ಡ ಬಣ್ಣಗಾಜಿನ ಕಿಟಕಿಯನ್ನು ರೂಪಿಸಿದವನು, ೧೯೪೦ರ ಆ ಮುಂಜಾನೆ ವಕೀಲರ ಕಚೇರಿಯ ಕಿಟಕಿಯ ಬಳಿ ಕುಳಿತಿದ್ದ ಪೈಪರನು. ಅಲ್ಲಿಗೆ ಹೋಗುವವರು ಇಂದಿಗೂ ಹಳೆಯ ಗೋಡೆಗಳ ನಡುವೆ ಮಳೆಯಲ್ಲಿ ನಿಂತು, ಆಮೇಲೆ ಒಳಗೆ ಹೋಗುತ್ತಾರೆ.